ಸೀಟಿನ ಅಳತೆ

ಪ್ರತಿ ವರ್ಷ ಬೈಕಿನಲ್ಲಿ ಮಂತ್ರಾಲಯಕ್ಕೆ ಹೋಗುವಾಗ ಅರ್ಧ ದಾರಿಗೇ ಹೆಂಡತಿಯ ಸೊಂಟ ಹಿಡಿದುಕೊಳ್ಳುತ್ತಿತ್ತು. "ಹಿಂದಿನ ಸೀಟಿಗೂ ಸ್ವಲ್ಪ ಸ್ಪಂಜು ಹಾಕಿಸ್ರೀ" ಎಂದರೆ ಗಂಡ ನಗುತ್ತಿದ್ದ.

"ಸುಮ್ನೆ ಕೂತಿರೋರಿಗೆ ಎಂಥಾ ನೋವೇ? ಓಡ್ಸೋನ ಕಷ್ಟ ಓಡ್ಸೋನಿಗೇ ಗೊತ್ತು."

ಈ ಸಲ ಮುಂದಿನ ಸೀಟು, ಹ್ಯಾಂಡಲು ಎರಡನ್ನೂ ತನ್ನ ಮೈಗೆ ಹೊಂದುವಂತೆ ಮಾಡಿಸಬೇಕೆಂದ.

"ನಿಮಗ್ಯಾಕೆ ಓಡಾಟ, ನಾನೇ ಮಾಡಿಸ್ಕೊಂಡು ಬರ್ತೀನಿ" ಎಂದು ಅವಳೇ ಬೈಕನ್ನು ಅಂಗಡಿಗೆ ಓಡಿಸಿಕೊಂಡು ಹೋದಳು. ಪತಿವ್ರತೆಯೆಂದರೆ ಹೀಗಿರಬೇಕು ಎಂದುಕೊಳ್ಳುತ್ತ ಅವನು ಇನ್ನೊಂದು ಲೋಟ ಕಾಫಿ ಕುಡಿದ.

ಹೊರಡುವ ದಿನ ಹತ್ತಿ ಕೂತರೆ ಸೀಟು ತೀರಾ ತಗ್ಗು. ಹ್ಯಾಂಡಲು ತಿರುಗಿಸಿದರೆ ಮೊಣಕಾಲಿಗೆ ಬಡಿಯಿತು.

"ಯಾರ ಅಳತೆ ಕೊಟ್ಟು ಬಂದ್ಯೇ?"

ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಕೀಗೆ ಕೈ ಚಾಚಿದಳು.

"ನಂದು. ಹಿಂದೆ ಸರೀರಿ, ಸುಮ್ನೆ ಕೂತಿರೋದು ತಾನೇ."