ನಾಲ್ಕನೆಯ ಕಾಲು

"ಅಳತೆಯ ಗೆರೆ ಮೇಲೆ ಲೆಕ್ಕದ ಗೆರೆ ಸರಿಯಾಗಿ ಕೂತಿದೆ. ಗಗನಳ ವಿಧಾನವೇ ಇರಲಿ," ಎಂದ ಎಂಜಿನಿಯರಿಂಗ್ ಕಾಲೇಜಿನ ರಾಜೇಂದ್ರ ಸರ್ ವರದಿಗೆ ಸಹಿ ಹಾಕಲು ಪೆನ್ನು ತೆಗೆದರು. "ಇವತ್ತೇ ಕಳಿಸ್ಬೇಕು. ನಾಳೆ ಮೋಟಾರು ಏರಿಸ್ತಾರಂತೆ."

ಹನಕೆರೆಯ ಕೆಂಪಯ್ಯನ ಆಲೆಮನೆಯಲ್ಲಿ, ಗಾಣದ ಮೋಟಾರು ಹೊತ್ತ ನಾಲ್ಕು ಕಾಲಿನ ಕಬ್ಬಿಣದ ಅಟ್ಟಣಿಗೆ ನಡುಗುತ್ತಿತ್ತು. ಇನ್ನೊಂದು ಮೋಟಾರನ್ನು ಅದು ತಡೆಯುತ್ತದೆಯೇ ಎಂದು ಸರ್ ಅವರ ಇಬ್ಬರು ವಿದ್ಯಾರ್ಥಿನಿಯರು ಕಂಪ್ಯೂಟರಿನಲ್ಲಿ ನೋಡಿ ಹೇಳಬೇಕಿತ್ತು. ಗಗನ ಆ ನಡುಕವನ್ನು ಐದಾರು ಸಹಜ ಕಂಪನಗಳಾಗಿ ಬಿಡಿಸಿ ಕೂಡಿಸಿದಳು; ಹತ್ತು ನಿಮಿಷದ ಕೆಲಸ. ನಾಗಶ್ರೀ ಸೆಕೆಂಡನ್ನು ಸಾವಿರ ಚೂರು ಮಾಡಿ ಒಂದೊಂದಕ್ಕೂ ಲೆಕ್ಕ ಹಾಕಿದಳು. ಲ್ಯಾಪ್‌ಟಾಪು ಮೂರು ದಿನ ಕಾದ ಹೆಂಚಿನಂತಿತ್ತು. ಗಗನಳಿಗೆ ಎಲ್ಲವೂ ಹೀಗೇ. ನಾಗಶ್ರೀ ತಿಂಗಳು ಓದಿದ್ದನ್ನು ಅವಳು ಮದ್ದೂರಿನ ರೈಲಿನಲ್ಲಿ ಕಡಲೆಕಾಯಿ ತಿನ್ನುತ್ತಾ ಮುಗಿಸಿಬಿಡುತ್ತಿದ್ದಳು.

ಆದರೆ ಹೋದ ಶುಕ್ರವಾರ, ಗಗನ ಅಟ್ಟಣಿಗೆಯ ಮೇಲೆ ನಡುಕದ ಅಳತೆ ತೆಗೆಯುತ್ತಿದ್ದಾಗ, ಕೆಳಗೆ ವೈರು ಹಿಡಿದು ನಿಂತಿದ್ದವಳು ನಾಗಶ್ರೀ. ಅಲ್ಲೇ ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದ ದೇವಿರಮ್ಮ ಅಟ್ಟಣಿಗೆಯ ಒಂದು ಕಾಲನ್ನು ತೋರಿಸಿದ್ದಳು.

"ಇದು ದಿನಾ ಎಗರಿ ಎಗರಿ ಬೀಳ್ತದೆ ಕಣವ್ವ. ನೀವು ಬತ್ತೀರಿ, ನೋಡಿ ಎದ್ರುಕೊಂಡೀರಿ ಅಂತ ಬೆಳಿಗ್ಗೆ ಅಡೀಕೆ ಒಂದು ಮರದ ತುಂಡು ತುರುಕ್ದೆ. ಸಂಜೀಕೆ ತೆಗ್ದುಬುಡ್ತೀನಿ, ಒಲೆಗೆ ಬೇಕು."

ಕಾಲು ನೆಲಕ್ಕೆ ಕಚ್ಚಿಕೊಂಡಿದ್ದರಷ್ಟೇ ಗಗನಳ ವಿಧಾನ ಸರಿ; ಅಳತೆಯ ಹೊತ್ತಿಗೆ ಆ ತುಂಡು ಇದ್ದುದರಿಂದಲೇ ಅದು ಹೊಂದಿತ್ತು. ಎಗರುವ ಕಾಲಿಗೆ ಚೂರು ಚೂರಿನ ಲೆಕ್ಕವೇ ಬೇಕು. ನಾಗಶ್ರೀ ಯಾರಿಗೂ ಹೇಳಲಿಲ್ಲ. ಹೇಳಿದರೆ ಗಗನ ತಿದ್ದಿಕೊಳ್ಳುತ್ತಾಳೆ. ಮುಂದಿನ ವಾರ ವಿಭಾಗದ ಎಲ್ಲರೆದುರು ಅವಳು ವರದಿ ಓದುವಾಗ ಎದ್ದು ನಿಂತು ಹೇಳಬೇಕು ಎಂದುಕೊಂಡು ಐದು ದಿನ ಕಳೆದಿದ್ದಳು. ಮೋಟಾರು ನಾಳೆಯೇ ಏರುತ್ತದೆಂದು ತಿಳಿದಿರಲಿಲ್ಲ. ಅದರ ಕೆಳಗೆ ದೇವಿರಮ್ಮ ಕೂತಿರುತ್ತಾಳೆ.

"ಸರ್, ಸಹಿ ಹಾಕ್ಬೇಡಿ," ಎಂದಳು ನಾಗಶ್ರೀ. ದನಿ ಅವಳಿಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದಳು. ಮರದ ತುಂಡಿನ ಸಂಗತಿ ಬಾಯಿಬಿಟ್ಟಳು; ಯಾವತ್ತು ತಿಳಿದದ್ದೆಂದು ಮಾತ್ರ ಹೇಳಲಿಲ್ಲ.

ಸರ್ ತಕ್ಷಣ ಕೆಂಪಯ್ಯನಿಗೆ ಫೋನು ಮಾಡಿ ಮೋಟಾರು ಏರಿಸಬೇಡಿ ಎಂದರು. "ಭೇಷ್ ಕಣಮ್ಮ. ನಿನ್ನ ವಿಧಾನವೇ ತಗೊಳ್ಳೋಣ. ಕಂಡಿದ್ದನ್ನ ಫೀಲ್ಡ್ ಬುಕ್ಕಲ್ಲಿ ಬರಿ."

ಗಗನ ತಾನೇ ಪುಸ್ತಕ ಮುಂದೆ ಸರಿಸಿ, ಅವಳು ಬರೆಯುವುದನ್ನು ನೋಡುತ್ತಾ ಕೂತಳು. ಎರಡು ಸಾಲು ಮುಗಿಯಿತು.

"ಯಾವತ್ತು ನೋಡಿದ್ದು, ತಾರೀಖು ಹಾಕೇ," ಎಂದಳು ಮೆಲ್ಲಗೆ.

ಹೋದ ಶುಕ್ರವಾರದ ತಾರೀಖು ಬರೆಯಬೇಕಿದ್ದಲ್ಲಿ ನಿಂತ ಪೆನ್ನಿನ ತುದಿಯಲ್ಲಿ ಶಾಯಿ ಒಂದು ಚುಕ್ಕೆಯಾಗಿ, ಅಗಲವಾಗುತ್ತಾ ಹೋಯಿತು.