ಪ್ರಾಣದೇವರ ರೀಲು

ಜಗನ್ನಾಥ ಎರಡು ಕ್ಯಾಮರಾಗಳನ್ನು ಎತ್ತಿಕೊಂಡು ರಸ್ತೆ ದಾಟಿ, ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟ. ಹಿಂದೆಯೇ ಓಡಿಬಂದ ಸ್ಟುಡಿಯೋದ ಅಲ್ಲಾಉದ್ದೀನ್ ಹಣೆ ಚಚ್ಚಿಕೊಂಡ.

"ತೂಗಿ ತಗೊಳ್ಳಾಕ ಇವೇನು ಬದ್ನಿಕಾಯೇನ್ರೀ?"

"ಹೊರಾಂವ ನಾನು, ನೀವಲ್ಲ," ಅಂದ ಜಗನ್ನಾಥ.

ಎಪ್ಪತ್ತೊಂಬತ್ತರ ಮಾತು. ಬಿಳಿಯರು ಬೆನ್ನಿಗೆ ಚೀಲ ಕಟ್ಟಿಕೊಂಡು ಗುಡ್ಡ ಸುತ್ತುವ ಚಿತ್ರವನ್ನು ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ನೋಡಿದಾಗಿನಿಂದ ರಾಯಚೂರಿನ ಈ ಬ್ಯಾಂಕು ಗುಮಾಸ್ತನಿಗೆ ನಡೆಯುವ ಹುಚ್ಚು ಹಿಡಿದಿತ್ತು. ಜಿಲ್ಲೆಯಲ್ಲಿ ಬಸ್ಸಿಲ್ಲದ ಊರಿನವರೆಲ್ಲ ಬೆನ್ನ ಮೇಲೆ ಗಂಟು ಹೊತ್ತು ನಡೆಯುತ್ತಲೇ ಇದ್ದರು. ಅದು ಹವ್ಯಾಸ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಜಪಾನಿನ ಕ್ಯಾಮರಾ ಇದ್ದ ತಟ್ಟೆ ಕೆಳಗೆ ಕೂತಿತು, ಪ್ಲಾಸ್ಟಿಕ್ ಡಬ್ಬಿಯದು ಮೇಲೆದ್ದಿತು. ಡಬ್ಬಿಯೇ ಗೆದ್ದಿತು. ಅದರಲ್ಲಿ ಒಳ್ಳೇ ಬಿಸಿಲಿದ್ದರಷ್ಟೇ ಚಿತ್ರ ಬರುತ್ತದೆ, ರೀಲಿಗೆ ಹನ್ನೆರಡೇ ಚಿತ್ರ ಎಂದು ಅಲ್ಲಾಉದ್ದೀನ್ ಹೇಳಿದ್ದು ಜಗನ್ನಾಥನ ಕಿವಿಗೆ ಹೋಗಲಿಲ್ಲ. ಮನೆಗೆ ಬಂದಮೇಲೆ ಡಬ್ಬಿ ಇನ್ನೂ ಹಗುರಾಯಿತು. ಅದರ ತೊಗಲಿನ ಕೇಸನ್ನು ತಾಯಿ ಅಹಲ್ಯಾಬಾಯಿ ಕೋಲಿನಿಂದ ಅಂಗಳಕ್ಕೆ ತಳ್ಳಿದರು.

"ದಾರಿಯೊಳಗ ಮಡೀಲೆ ಅಡಿಗಿ ಮಾಡ್ಕೊಳ್ಳಾಂವ, ಸತ್ತ ಎಮ್ಮಿ ಚರ್ಮ ಕೊರಳಾಗ ಹಾಕ್ಕೊಂಡು ಹೋಗ್ತಿಯೇನೋ?"

ತಮ್ಮ ಹಳೇ ಪತ್ತಲ ಹರಿದು ಚೀಲ ಹೊಲಿದುಕೊಟ್ಟರು. ಮೊದಲ ಚಿತ್ರ ಪ್ರಾಣದೇವರದೇ ಆಗಬೇಕೆಂದರು. ಗುಡಿಗೆ ಹೋಗಿ ಅದನ್ನೂ ಹೊಡೆದದ್ದಾಯಿತು.

ದಾರಿಯಲ್ಲಿ ಕಂಡದ್ದನ್ನೆಲ್ಲ ಹೊಡೆಯುತ್ತ ನಡೆದವನನ್ನು ದೇವದುರ್ಗದ ಕಡೆಯ ಗುಡ್ಡದಲ್ಲಿ ಕುರಿಗಾರ ಕನಕರಾಯ ಕಂಡು ಓಡೋಡಿ ಬಂದ. ಕೊರಳಲ್ಲಿ ತೂಗುವ ಡಬ್ಬಿ ಏನೆಂದು ಅವನಿಗೆ ಗೊತ್ತಿತ್ತು.

"ಧಣೀ, ಒಂದು ಫೋಟೊ ಹೊಡೀರಿ. ನಸುಕಿನಾಗ ತೋಳ ಬಿದ್ದು ನಾಕು ಕುರಿ ಹರದು ಒಗದಾವ. ಅಗೋ, ಅಲ್ಲೇ ಬಿದ್ದಾವ ನೋಡ್ರಿ."

"ಅದಕ್ಕ ಫೋಟೊ ಯಾಕೋ?"

"ಕುರಿ ನನ್ನವಲ್ರಿ. ಮಾನ್ವಿ ಹತ್ತಿ ಸಾವ್ಕಾರ ಶರಣಯ್ಯನೋರ್ವು. ಕಾಯಾಂವ ನಾನು, ಹುಟ್ಟಿದ ಮರಿಯಾಗ ಅರ್ಧ ಪಾಲು ನಂದು. ಕುರಿ ಸತ್ರ ಗುರುತು ಹಾಕಿದ ಕಿವಿ ಕೊಯ್ದು ಒಯ್ದು ತೋರಿಸ್ಬೇಕ್ರಿ. ಹ್ವಾದ ವರ್ಷ ನಮ್ಮ ಮುದುಕಪ್ಪ ಒಯ್ದ್ರ, ಕುರಿ ಮಾರ್ಕೊಂಡಾಂವನೂ ಕಿವಿ ಕೊಯ್ದು ತರ್ತಾನ ಅಂದ್ರು. ಕಳ್ಳನ್ನ ಮಾಡಿ ಓಡಿಸಿದ್ರು, ಪಾಲಿನ ಮರೀನೂ ಕೊಡಲಿಲ್ಲ. ಫೋಟೊ ಇದ್ರ ಏನಂತಾರ್ರಿ?"

ಜಗನ್ನಾಥ ಆಗಲೇ ಮೂಗಿಗೆ ಕರವಸ್ತ್ರ ಹಿಡಿದು, ಸತ್ತ ಕುರಿಗಳಿಗೆ ಬೆನ್ನು ಮಾಡಿ ನಿಂತಿದ್ದ.

"ಇದೇ ರೀಲಿನಾಗ ಪ್ರಾಣದೇವರಿದ್ದಾನ. ಅವನ ಮಗ್ಗಲಾಗ ಹೆಣ ಹೆಂಗ ಹೊಡೀಲೋ?"

"ದೇವರು ಒಲ್ಲೆ ಅಂತಾನೇನ್ರಿ?"

"ನಮ್ಮಮ್ಮ ಒಲ್ಲೆ ಅಂತಾಳ."

ಹಾಗಂತ ಜಗನ್ನಾಥ ಕರುಣೆಯಿಲ್ಲದವನಲ್ಲ. "ಬೇಕಾದ್ರ ನಿಂದು ಹೊಡೀತೀನಿ," ಅಂದ. "ಆ ಎಳಿ ಮರಿ ಹೆಗಲ ಮ್ಯಾಲೆ ಹಾಕ್ಕೊ. ಮಾರಿ ಬಿಸಿಲಿಗೆ ಮಾಡು. ಹಾಂ, ನಗು."

ಕನಕರಾಯನಿಗೆ ನಗು ಬರಲಿಲ್ಲ.

"ನಗೋ ಮಾರಾಯಾ! ಗುಡ್ಡದಾಗ ಇರೋರಿಗೆ ಏನು ಚಿಂತಿ ಅದ?"

ನಕ್ಕರೆ ಮುಂದಿನದು ಕುರಿಗಳದ್ದು ಹೊಡೆದಾನು ಅಂದುಕೊಂಡ ಕನಕರಾಯ. ಜಗನ್ನಾಥನ ಬೆನ್ನ ಹಿಂದೆ ಹರಿದುಬಿದ್ದ ಕುರಿಗಳಿಗೆ ನೊಣ ಮುತ್ತುತ್ತಿದ್ದವು. ಅವನ್ನು ನೋಡುತ್ತಲೇ ಕನಕರಾಯ ಇದ್ದಬದ್ದ ಹಲ್ಲೆಲ್ಲ ತೆಗೆದು ನಕ್ಕ. ಸತ್ತ ಕುರಿಗಳತ್ತ ಒಂದಿಷ್ಟೂ ಹೊರಳದೆ ಜಗನ್ನಾಥ ಬಗ್ಗಿ, ಓರೆಯಾಗಿ, ಜಾಣತನದಿಂದ ಗುಂಡಿ ಒತ್ತಿದ.

"ಈಗ ಅವುಗಳ್ದು, ಧಣೀ?"

"ಇನ್ನೊಂದೇ ಉಳದದ. ಅದು ಹೊತ್ತು ಮುಳುಗೂದಕ್ಕ."

ಆ ಹೊತ್ತು ಮುಳುಗುವ ಚಿತ್ರ ಬರೀ ಕಪ್ಪಾಗಿ ಬಂತು, ಆ ಮಾತು ಬೇರೆ. ಕನಕರಾಯ ಹಿಂದೆಯೇ ಓಡಿ, ಅವನ ಹೆಸರನ್ನೂ ಮನೆಯಿರುವ ಓಣಿಯನ್ನೂ ಕೇಳಿ ಇಟ್ಟುಕೊಂಡ. ಫೋಟೊ ಇಲ್ಲದಿದ್ದರೆ ಬೇಡ, ದೊಡ್ಡ ಮನುಷ್ಯನ ಸಾಕ್ಷಿ ಇದೆಯಲ್ಲ.

ಮಾನ್ವಿಯಲ್ಲಿ ಅವನು ಹೆದರಿದಂತೆಯೇ ಆಯಿತು. ಶರಣಯ್ಯ ಒಣಗಿದ ಕಿವಿಗಳನ್ನು ಕಾಲಿನಿಂದ ಸರಿಸಿದ. "ರಾಯಚೂರು ಜಗನ್ನಾಥಾಚಾರ್ರು ಅಲ್ಲೇ ಇದ್ರು, ಅವರನ್ನ ಕೇಳ್ರಿ ಯಪ್ಪಾ," ಎಂದು ಕನಕರಾಯ ಕಾಲು ಹಿಡಿದ. ರಾಯಚೂರಿಗೆ ಹತ್ತಿ ಲಾರಿ ಹೊರಟಾಗ ಶರಣಯ್ಯ ಅವನನ್ನೂ ಅದರಲ್ಲೇ ಹೇರಿಕೊಂಡು ಬಂದ.

ಜಗನ್ನಾಥನ ಮನೆ ಕಟ್ಟೆಯ ಮೇಲೆ ಶರಣಯ್ಯ ಕೂತ. ಕನಕರಾಯ ಕೆಳಗೆ ಬೀದಿಯಲ್ಲಿ ನಿಂತ.

"ಹೇಳ್ರಿ ಧಣೀ," ಅಂದ ಕನಕರಾಯ. "ತೋಳ ಹರದಿದ್ದು ನೀವು ನೋಡಿದ್ರಲ್ಲ?"

"ನಾ ನೋಡಲಿಲ್ಲಪಾ. ನೋಡಿದ್ರ ಸ್ನಾನಾ ಮಾಡಬೇಕಾಗ್ತಿತ್ತು. ಆ ಗುಡ್ಡದಾಗ ನೀರೆಲ್ಲದ? ಅದಕ್ಕ ಆ ಕಡೀಗೆ ಮಾರೀನೇ ಮಾಡಲಿಲ್ಲ." ಸುಳ್ಳು ಹೇಳಿದರೆ ಪಾಪ ಬರುತ್ತದೆಂದು ಜಗನ್ನಾಥ ನಂಬಿದ್ದ. ಕನಕರಾಯನ ಮುಖ ಇಳಿದದ್ದು ಕಂಡು ಅವನಿಗೇ ಕನಿಕರವಾಯಿತು. "ಆದ್ರ ಆ ದಿನ ನಾವಿಬ್ರೂ ಅಲ್ಲಿದ್ದದ್ದು ಖರೇ ಅದ. ತಡೀರಿ ಸಾವ್ಕಾರ್ರ, ಪುರಾವೆನೇ ತೋರಸ್ತೀನಿ."

ಒಳಗೆ ಓಡಿ, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದ ಫೋಟೊ ತಂದ. ಶರಣಯ್ಯ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಚಲೋ ಬಂದದಲ್ರೀ?" ಅಂದ ಜಗನ್ನಾಥ.

"ಭಾಳ ಚಲೋ ಬಂದದ." ಶರಣಯ್ಯ ಫೋಟೊವನ್ನು ಕನಕರಾಯನ ಮುಖದತ್ತ ತಿರುಗಿಸಿದ. "ತೋಳ ಎಲ್ಲದಲೇ ಇದರಾಗ? ಹಲ್ಲು ಅಷ್ಟೂ ನಿನ್ನವೇ ಅದಾವ."