ಜ್ವಾಲಾಳ ಜೋಡಿ

"ಆಕಿಗೆ ಗೊತ್ತಾಗಬಾರದು ಮತ್ತ."

ಗಂಡ ಗುರುಶಾಂತ ಸ್ನಾನಕ್ಕೆ ಎದ್ದಾಗ ಅವನ ಕಂಪ್ಯೂಟರಿನ ಮೇಲೆ ಆ ಸಾಲು ಓದಿದ ವಿಜಯಶ್ರೀ ಕುರ್ಚಿ ಎಳೆದು ಕೂತಳು. ಕೆಳಗೆ ಅವನ ಉತ್ತರವಿತ್ತು: "ಗೊತ್ತಾಗಂಗಿಲ್ರಿ. ತಲಿನೋವು ಅಂತ ಮಲಗ್ಯಾಳ."

ಬರೆದವಳು ಜ್ವಾಲಾ. ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಆನ್‌ಲೈನ್ ಆಟಕ್ಕೆ ಬರುವವಳು. ಎರಡು ಶಕ್ತಿಗಳನ್ನು ಬೆರೆಸಿ ತಮ್ಮದೇ ಸೂಪರ್‌ಹೀರೋ ಕಟ್ಟಿಕೊಂಡು ಆಡುವ ಆಟ ಅದು. ಎಲ್ಲರೂ ಬೆಂಕಿಗೆ ಸಿಡಿಲು ಬೆರೆಸಿದರೆ, ಇವಳು ಬೆಂಕಿಗೆ ಗಾಯ ಮಾಯಿಸುವ ಶಕ್ತಿ ಬೆರೆಸಿದ್ದಳು. ಆಟ ಕಲಿಸಿದ್ದು ತಾನಾದರೂ ಆ ಜೋಡಣೆ ಅವರದೇ ತಲೆ ಎಂದು ಗುರುಶಾಂತ ಅರ್ಧ ತಾಸು ಹೊಗಳಿದ್ದ. ಹೆಂಡತಿಯ ಅಡುಗೆಗೆ ಅವನಿಂದ ಎರಡು ಮಾತು ಬಂದರೆ ಹೆಚ್ಚು. ಜ್ವಾಲಾಗೆ 'ರಿ', ಹೆಂಡತಿಗೆ 'ಏ'.

ವಿಜಯಶ್ರೀ ಯಾರ ಮುಂದೆ ಅಳಬೇಕು? ಬೇರೆ ಜಾತಿಯವನನ್ನು ಮದುವೆಯಾದಳೆಂದು ಇದೇ ಊರಿನಲ್ಲಿದ್ದ ಅಪ್ಪ ಬಸವಲಿಂಗಪ್ಪ ಎರಡು ವರ್ಷದ ಹಿಂದೆಯೇ ಬಾಗಿಲು ಮುಚ್ಚಿದ್ದರು. ಹೈದರಾಬಾದಿನಲ್ಲಿ ಅವಳಿಗೆ ಉಳಿದವನು ಗುರುಶಾಂತನೊಬ್ಬನೇ. ಈಗ ಅವನಲ್ಲೂ ಪಾಲು.

ಅವಳೂ ಒಂದು ಪಾತ್ರ ಕಟ್ಟಿದಳು, ಹಿಮಕ್ಕೆ ಮಾಯಾಶಕ್ತಿ ಬೆರೆಸಿ. ಜ್ವಾಲಾಳನ್ನು ಹೆಪ್ಪುಗಟ್ಟಿಸಿಯೇ ತೀರಬೇಕೆಂಬ ಹಟ. ಶನಿವಾರವೂ ಆಫೀಸಿದೆಯೆಂದು ಹೊರಟು ಗಚ್ಚಿಬೌಲಿಯ ನೆಟ್ ಸೆಂಟರಿನಲ್ಲಿ ಕೂತು, ಸುಳ್ಳು ಹೆಸರಿನಲ್ಲಿ ಅವರಿಬ್ಬರ ತಂಡ ಸೇರಿದಳು. ಮೊದಲ ಕಾಳಗದಲ್ಲೇ ನೆಲಕ್ಕೆ ಬಿದ್ದಳು. ಓಡಿ ಬಂದು ಎಬ್ಬಿಸಿದ್ದು ಜ್ವಾಲಾ. ಅದಕ್ಕೂ ಹೊಟ್ಟೆ ಉರಿಯಿತು. ಎಲ್ಲಿಂದ ಆಡುತ್ತೀರಿ ಎಂದು ಕೇಳಿದಳು. ಬೇಗಂಪೇಟೆ ಸ್ಟೇಷನ್ ಎದುರಿನ ನೆಟ್ ಸೆಂಟರಿನಿಂದ ಎಂದು ಜ್ವಾಲಾ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು.

ಮುಂದಿನ ಶನಿವಾರ ವಿಜಯಶ್ರೀ ಬೇಗಂಪೇಟೆಗೆ ಆಟೋ ಹಿಡಿದಳು. ಸೆಂಟರಿನೊಳಗೆ ಕಾಲೇಜಿನವರ ನಡುವೆ ಬೆನ್ನು ತಿರುಗಿಸಿ ಕೂತ ಹೆಂಗಸು ಒಬ್ಬಳೇ. ಸೆರಗು ತಲೆಯ ಮೇಲೆ. ಪರದೆಯಲ್ಲಿ ಜ್ವಾಲಾ, ಪಕ್ಕದಲ್ಲೇ ಗುರುಶಾಂತನ ಪಾತ್ರ.

"ನನ್ನ ಗಂಡನ್ನ ಬಿಟ್ಟುಬಿಡ್ರಿ," ಎಂದಳು ಆ ಬೆನ್ನಿಗೆ.

ಹೆಂಗಸು ತಿರುಗಿದಳು. ವಿಜಯಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು. ಆ ಹೆಂಗಸಿನ ಕಣ್ಣು ತುಂಬಿತು, ತುಟಿ ಅಲುಗಿತು, ಮಾತು ಮಾತ್ರ ಹೊರಡಲಿಲ್ಲ. ಮತ್ತೆ ಪರದೆಯತ್ತ ತಿರುಗಿ ಗುರುಶಾಂತನಿಗೆ ಟೈಪ್ ಮಾಡತೊಡಗಿದಳು:

"ಅಳಿಯಂದ್ರ, ಮಗಳು ಬಂದು ಹಿಂದ ನಿಂತಾಳ. ಆಕಿ ಕೂಡ ಮಾತಾಡಬಾರದಂತ ಅವರಪ್ಪ ಆಣಿ ಹಾಕ್ಯಾರ. ಉಂಡು ಬಂದಾಳೇನು, ನೀವ ಕೇಳ್ರಿ."